ಸಾವರಿನ್ ಆಫ್ ದಿ ಸೀಸ್: ಮೈಮೇಲಿನ ಹೊರೆ ಇಳಿಸಿದ ಮೇಲೆ ಯುದ್ಧಕ್ಕೆ ಒದಗಿದ ಹಡಗು

1634ರ ಆಗಸ್ಟ್‌ನಲ್ಲಿ ಲಂಡನ್ನಿನ ಟ್ರಿನಿಟಿ ಹೌಸ್‌ನ ಹಿರಿಯರು ಸರ್ಕಾರಕ್ಕೆ ಒಂದು ಆಕ್ಷೇಪಣಾ ಪತ್ರ ಬರೆದರು. ಟ್ರಿನಿಟಿ ಹೌಸ್ ಎಂದರೆ ಅನುಭವಿ ನಾವಿಕರ ಸಂಘ. ಥೇಮ್ಸ್ ನದಿಯಲ್ಲಿ ಹಡಗು ನಡೆಸಿಕೊಡುವ ಪೈಲಟ್‌ಗಳು, ದಾರಿ ತೋರುವ ಗುರುತುಗಳು ಎಲ್ಲವೂ ಅವರ ಸುಪರ್ದಿಯಲ್ಲಿದ್ದವು. ದೊರೆ ಒಂದನೇ ಚಾರ್ಲ್ಸ್ ಮೂರು ಅಂತಸ್ತುಗಳಲ್ಲಿ ಫಿರಂಗಿ ಹೊರುವ ಹಡಗು ಕಟ್ಟಿಸಲು ಹೊರಟಿದ್ದಾನೆಂದು ಅವರಿಗೆ ತಿಳಿದಿತ್ತು. ಅವರು ಎತ್ತಿದ ತಕರಾರು ನಾಲ್ಕು ಬಗೆಯದು. ಅಷ್ಟು ಆಳಕ್ಕೆ ಮುಳುಗುವ ಹಡಗಿಗೆ ಐಲ್ ಆಫ್ ವೈಟ್ ದ್ವೀಪದ ಆಸರೆ ಬಿಟ್ಟರೆ ಇಡೀ ರಾಜ್ಯದಲ್ಲಿ ತಂಗುದಾಣವಿಲ್ಲ. ಬಿರುಗಾಳಿ ಎದ್ದರೆ ಅದನ್ನು ಹಿಡಿದು ನಿಲ್ಲಿಸುವ ಲಂಗರು, ಹಗ್ಗ ಇಲ್ಲ. ಕೆಳಗಿನ ಸಾಲಿನ ಫಿರಂಗಿಗಳು ನೀರಿಗೆ ತೀರ ಹತ್ತಿರವಾಗುತ್ತವೆ. ಅವನ್ನು ಎತ್ತರಿಸಿದರೆ ಮೇಲಿನ ಸಾಲು ಅಪಾಯಕಾರಿ ಎತ್ತರಕ್ಕೆ ಹೋಗುತ್ತದೆ. ಕೊನೆಯದು ದುಡ್ಡಿನ ಮಾತು: ಅದೇ ಖರ್ಚಿನಲ್ಲಿ 500-600 ಟನ್ನಿನ, 40 ಫಿರಂಗಿಗಳ ಎರಡು ಹಡಗು ಕಟ್ಟಿಸಿದರೆ ಅವೆರಡೇ ಸೇರಿ ಈ ದೊಡ್ಡದನ್ನು ಬಡಿದುಹಾಕುತ್ತವೆ. ಮೂರಂತಸ್ತಿನ ಫಿರಂಗಿ ಹೊತ್ತು ಕೆಲಸಕ್ಕೆ ಬರುವ ಹಡಗನ್ನು ಕಟ್ಟುವ ವಿದ್ಯೆ ಮನುಷ್ಯನಿಗೆ ಸಾಧ್ಯವಿಲ್ಲ ಎಂಬಷ್ಟರ ಮಟ್ಟಿಗೆ ಅವರ ಮಾತು ಕಟುವಾಗಿತ್ತು.

ದೊರೆ ಕಿವಿಗೊಡಲಿಲ್ಲ. 'ಸಾವರಿನ್ ಆಫ್ ದಿ ಸೀಸ್' ಎಂಬ ಆ ಹಡಗು 1637ರಲ್ಲಿ ನೀರಿಗಿಳಿದು, ಸುಮಾರು ಆರು ದಶಕ ಬಾಳಿ, ಮೂರು ಯುದ್ಧಗಳಲ್ಲಿ ಡಚ್ಚರೊಡನೆಯೂ ಒಂದರಲ್ಲಿ ಫ್ರೆಂಚರೊಡನೆಯೂ ಕಾದಾಡಿತು. ಇಷ್ಟು ದೀರ್ಘ ಸೇವೆ ಇರುವುದರಿಂದಲೇ ಆ ನಾಲ್ಕೂ ತಕರಾರುಗಳನ್ನು ಒಂದೊಂದಾಗಿ ಘಟನೆಗಳ ಎದುರು ಇಟ್ಟು ತೂಗಬಹುದು. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ಟ್ರಿನಿಟಿ ಹೌಸ್‌ನವರು ಈ ಹಡಗಿನ ವಿಷಯದಲ್ಲಿ ಬಹುಪಾಲು ಸರಿಯಿದ್ದರು, ಈ ಬಗೆಯ ಹಡಗುಗಳ ವಿಷಯದಲ್ಲಿ ತಪ್ಪಿದರು. ಆ ಅಂತರ ಎಲ್ಲಿ ಹುಟ್ಟಿತು ಎಂಬುದೇ ಇಲ್ಲಿನ ಪ್ರಶ್ನೆ. (ಇಲ್ಲಿನ ದಿನಾಂಕಗಳು ಆಗಿನ ಇಂಗ್ಲಿಷ್ ಪಂಚಾಂಗದವು, ಯುರೋಪಿನ ಹೊಸ ಪಂಚಾಂಗಕ್ಕಿಂತ 10 ದಿನ ಹಿಂದೆ. ವರ್ಷವನ್ನು ಮಾತ್ರ ಜನವರಿಯಿಂದ ಎಣಿಸಿದ್ದೇವೆ.)

ಕಟ್ಟಿದ್ದು ಹೇಗೆ, ಎಷ್ಟಕ್ಕೆ

1634ರ ಜೂನ್ 26ರಂದು ಚಾರ್ಲ್ಸ್ ವೂಲಿಚ್ ಹಡಗುಕಟ್ಟೆಯಲ್ಲಿ ಲೆಪರ್ಡ್ ಎಂಬ ಹಡಗಿನ ಕೆಲಸ ನೋಡಲು ಬಂದಿದ್ದ. ಅಲ್ಲಿಯೇ ಹಡಗು ಕಟ್ಟುವ ಮೇಸ್ತ್ರಿ ಫಿನಿಯಸ್ ಪೆಟ್‌ನನ್ನು ಪಕ್ಕಕ್ಕೆ ಕರೆದು ತನ್ನ ಮನಸ್ಸಿನಲ್ಲಿದ್ದ ದೊಡ್ಡ ಹಡಗಿನ ಸಂಗತಿ ತಿಳಿಸಿದ. ಪೆಟ್‌ಗೆ ಆಗ ಅರವತ್ತು ದಾಟಿತ್ತು. ವಿನ್ಯಾಸದ ಹೊಣೆ ಅವನದು. ನಿಂತು ಕಟ್ಟಿಸಿದವನು ಇಪ್ಪತ್ತರ ಹರೆಯದ ಮಗ ಪೀಟರ್ ಪೆಟ್. 1635ರಲ್ಲಿ ಇಬ್ಬರೂ ಉತ್ತರದ ಡರಮ್ ಸೀಮೆಗೆ ಹೋಗಿ ಚಾಪ್‌ವೆಲ್ ಮತ್ತು ಬ್ರಾನ್ಸ್‌ಪೆತ್ ಕಾಡುಗಳಲ್ಲಿ ಓಕ್ ಮರ ಆರಿಸಿ ಕಡಿಸಿದರು. ಆ ದಿಮ್ಮಿಗಳು ಸಮುದ್ರಮಾರ್ಗವಾಗಿ ವೂಲಿಚ್‌ಗೆ ಬಂದವು. 1636ರ ಜನವರಿಯಲ್ಲಿ ಕೀಲ್ ಹೂಡಿದರು. ಕೀಲ್ ಎಂದರೆ ಹಡಗಿನ ತಳದುದ್ದಕ್ಕೂ ಹಾಯುವ ಬೆನ್ನುಮರ. ಉಳಿದ ಅಳತೆಗಳೆಲ್ಲ ಅದರಿಂದಲೇ ಹೊರಡುತ್ತವೆ.

1637ರ ಸೆಪ್ಟೆಂಬರ್ 25ರಂದು ಹಡಗನ್ನು ನೀರಿಗಿಳಿಸುವುದೆಂದು ನಿಶ್ಚಯವಾಗಿ ದೊರೆಯೂ ಬಂದ. ಆದರೆ ಅಂದಿನ ಉಬ್ಬರ ಸಾಲಲಿಲ್ಲ; ಹಡಗು ಕದಲಲಿಲ್ಲ. ಅಕ್ಟೋಬರ್ 13ರ ವೇಳೆಗೆ ಬಂದ ಮುಂದಿನ ದೊಡ್ಡ ಉಬ್ಬರದಲ್ಲಿ ರಾತ್ರಿಯ ಹೊತ್ತು ಇಳಿಸಿದರು. ನೀರಿನ ಆಳಕ್ಕೂ ಈ ಹಡಗಿಗೂ ಬಿದ್ದ ಮೊದಲ ತಕರಾರು ಇದು.

ಅಳತೆಗಳು ಹೀಗಿದ್ದವು: ಕೀಲಿನ ಉದ್ದ 127 ಅಡಿ, ಅಗಲ 46 ಅಡಿ 6 ಇಂಚು, ಒಡಲಿನ ಆಳ 19 ಅಡಿ 4 ಇಂಚು. ಆ ಕಾಲದ ಸೂತ್ರದಂತೆ ಈ ಮೂರನ್ನೂ ಗುಣಿಸಿ 100ರಿಂದ ಭಾಗಿಸಿದರೆ 1,141 ಟನ್ ಬರುತ್ತದೆ. ಅದಕ್ಕೆ ಮೂರನೇ ಒಂದು ಭಾಗ ಸೇರಿಸಿದರೆ 1,522. ಎಲ್ಲ ಕಡೆ ಉಲ್ಲೇಖವಾಗುವ 1,522 ಟನ್ ಹುಟ್ಟುವುದು ಹೀಗೆ. ಅದು ಹಡಗಿನ ತೂಕವಲ್ಲ, ಒಡಲಿನ ಗಾತ್ರದ ಅಂದಾಜು. ನಂತರದ ಸೂತ್ರದಲ್ಲಿ ಕೀಲನ್ನು ಅಗಲದಿಂದಲೂ ಅಗಲದ ಅರ್ಧದಿಂದಲೂ ಗುಣಿಸಿ 94ರಿಂದ ಭಾಗಿಸುತ್ತಾರೆ. ಇದೇ ಅಳತೆಗಳಿಗೆ ಅದರಲ್ಲಿ ಬರುವುದು ಸುಮಾರು 1,461. ಈ ಹಡಗಿನ ಬೇರೆ ಬೇರೆ ಕಾಲದ ಟನ್ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವವರು ಯಾವ ಸೂತ್ರದ್ದೆಂದು ಮೊದಲು ನೋಡಬೇಕು. ಇಸವಿಗೆ ಸರಿಹೊಂದುವಂತೆ 1,637 ಟನ್ ಎಂದು ಆಗ ಹೊಗಳಿ ಬರೆದದ್ದೂ ಉಂಟು. ಅದು ಪ್ರಚಾರದ ಸಂಖ್ಯೆ.

ಪೆಟ್ ಮೊದಲು ಕೊಟ್ಟ ಅಂದಾಜು 14 ಸಾವಿರ ಪೌಂಡ್‌ಗೂ ಕಡಿಮೆ. ಮುಗಿಯುವಾಗ ಹಡಗಿಗೆ 40,833 ಪೌಂಡ್, ಫಿರಂಗಿಗಳಿಗೆ 24,753 ಪೌಂಡ್, ಒಟ್ಟು 65,586 ಪೌಂಡ್ ಆಗಿತ್ತು. ಇದರಲ್ಲಿ ಕೆತ್ತನೆ ಮತ್ತು ಚಿನ್ನದ ಲೇಪಕ್ಕೇ 6,691 ಪೌಂಡ್. ಸುಮಾರಾಗಿ ಒಂದು ಸಾಧಾರಣ ಯುದ್ಧನೌಕೆಯ ಬೆಲೆ. ಕೆತ್ತಿದವರು ಜಾನ್ ಮತ್ತು ಮಥಾಯಸ್ ಕ್ರಿಸ್‌ಮಸ್ ಸೋದರರು. ಕಪ್ಪು ಹಿನ್ನೆಲೆಯ ಮೇಲೆ ಚಿನ್ನ. ಮೂತಿಯಲ್ಲಿ ಕುದುರೆಯೇರಿ ಏಳು ಅರಸರನ್ನು ತುಳಿಯುತ್ತಿರುವ ಪ್ರಾಚೀನ ದೊರೆ ಎಡ್ಗರ್. ಫಿರಂಗಿಗಳ ಮೇಲೂ ಲ್ಯಾಟಿನ್ ಬರಹ: ಎಡ್ಗರನ ಜಲರಾಜದಂಡವನ್ನು ಚಾರ್ಲ್ಸ್ ನೆಲೆಗೊಳಿಸಿದನೆಂದು. ಇದೇ ವರ್ಷಗಳಲ್ಲಿ, ನೌಕಾಪಡೆಗೆಂದು ದೊರೆ ವಸೂಲು ಮಾಡುತ್ತಿದ್ದ 'ಹಡಗು ತೆರಿಗೆ' ಕರಾವಳಿಯಿಂದ ಒಳನಾಡಿಗೂ ವಿಸ್ತರಿಸಿತ್ತು. 20 ಶಿಲ್ಲಿಂಗ್ ಕಟ್ಟಲು ಒಪ್ಪದ ಜಾನ್ ಹ್ಯಾಂಪ್‌ಡನ್‌ನ ಮೊಕದ್ದಮೆ ನ್ಯಾಯಾಲಯದಲ್ಲಿತ್ತು. 12 ನ್ಯಾಯಾಧೀಶರಲ್ಲಿ 7 ಮಂದಿ ದೊರೆಯ ಪರ ತೀರ್ಪಿತ್ತರು. ಜನರ ಕಣ್ಣಿಗೆ ಆ ತೆರಿಗೆಯೂ ಈ ಚಿನ್ನವೂ ಬೇರೆಯಾಗಿ ಕಾಣುವಂತಿರಲಿಲ್ಲ.

153 ಟನ್ ಕಂಚು

ಮೊದಲ ಯೋಜನೆಯಲ್ಲಿ ಇದ್ದದ್ದು 90 ಫಿರಂಗಿ. ಚಾರ್ಲ್ಸ್ ತಾನೇ ಅದನ್ನು 102ಕ್ಕೆ ಏರಿಸಿದ. ಎಲ್ಲವೂ ಕಂಚಿನವು, ಒಟ್ಟು ತೂಕ 153 ಟನ್. ಅಂದರೆ ಸರಾಸರಿ ಒಂದೂವರೆ ಟನ್. ಹೆಚ್ಚಿನವು 'ಡ್ರೇಕ್' ಮಾದರಿಯವು. ಅವುಗಳ ಗೋಡೆ ತೆಳು, ಒಳಗಿನ ಮದ್ದಿನ ಗೂಡು ಹಿಂದಕ್ಕೆ ಕಿರಿದಾಗುತ್ತದೆ. ತೂಕ ಉಳಿಯುತ್ತದೆ ನಿಜ, ಆದರೆ ಹಾರಿಸಿದಾಗ ಹಿಮ್ಮೆಟ್ಟುವ ರಭಸ ಹೆಚ್ಚು, ಬೇಗ ಕಾಯುತ್ತವೆ ಕೂಡ. ಡ್ರೇಕ್ ಆರಿಸಿಯೂ 153 ಟನ್ ಆಯಿತೆಂದರೆ ಭಾರದ ಒತ್ತಡ ಎಷ್ಟಿತ್ತೆಂದು ಊಹಿಸಬಹುದು.

ಇಂಥ ಹಡಗು ಎಲ್ಲಿ ಕೆಡುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡೋಣ. ಅಗಲ 46 ಅಡಿ 6 ಇಂಚು, ಅರ್ಧ 23 ಅಡಿ 3 ಇಂಚು. ಗಾಳಿಗೆ ಹಡಗು 10 ಡಿಗ್ರಿ ವಾಲಿದರೆ ಕೆಳಮಗ್ಗುಲಿನ ಅಂಚು ಸುಮಾರು 4 ಅಡಿ ಇಳಿಯುತ್ತದೆ. ಕೆಳಸಾಲಿನ ಕಿಂಡಿಗಳ ಕೆಳತುಟಿ ನೀರಿನಿಂದ 4 ಅಡಿ ಮೇಲಿದ್ದರೆ ಅಷ್ಟಕ್ಕೇ ಸಮುದ್ರ ಒಳಬರುತ್ತದೆ, ಅಲೆಯ ಎತ್ತರ ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಹಾಗಾಗಿ ಗಾಳಿ ಜೋರಾದರೆ ಕೆಳಗಿನ ಕಿಂಡಿಗಳನ್ನು ಮುಚ್ಚಿ ಬಿಗಿಯಲೇಬೇಕು. ಅತಿ ದೊಡ್ಡ ಫಿರಂಗಿಗಳಿರುವುದು ಅಲ್ಲೇ. ಎದುರಾಳಿಯ ಎರಡಂತಸ್ತಿನ ಹಡಗು ತನ್ನೆಲ್ಲ ಫಿರಂಗಿ ಹಾರಿಸುತ್ತಿರುವಾಗ ಈ ಮೂರಂತಸ್ತಿನದು ತನ್ನ ಬಲವಾದ ಸಾಲನ್ನೇ ಕಳೆದುಕೊಂಡು ನಿಲ್ಲುತ್ತದೆ.

ಉಗ್ರಾಣದ ಭಾರ ಇನ್ನೂ ಕಠಿಣವಾದದ್ದು. 1677ರ ನಿಗದಿಯಂತೆ ಯುದ್ಧಕಾಲದಲ್ಲಿ ಈ ಹಡಗಿಗೆ 815 ಜನ. ಆಳಿಗೆ ದಿನಕ್ಕೆ ಒಂದು ಗ್ಯಾಲನ್ ಬಿಯರ್, ಒಂದು ಪೌಂಡ್ ಒಣ ಬಿಸ್ಕತ್ತು. 90 ದಿನಕ್ಕೆ 73,350 ಗ್ಯಾಲನ್ ಬಿಯರ್ ಬೇಕು. ಪೀಪಾಯಿ ಬಿಟ್ಟು ಅದರ ತೂಕವೇ 300 ಟನ್ ಮೀರುತ್ತದೆ, ಫಿರಂಗಿಗಳ ಎರಡರಷ್ಟು. ಬಿಸ್ಕತ್ತು ಸುಮಾರು 33 ಟನ್. ಬಂದರು ಬಿಡುವಾಗ ಈ ಹೊರೆಯಿಂದ ಹಡಗು ಆಳಕ್ಕೆ ಕೂರುತ್ತದೆ, ಕಿಂಡಿಗಳು ನೀರಿಗೆ ಸಮೀಪಿಸುತ್ತವೆ. ವಾರಗಳು ಕಳೆದಂತೆ ತಳದ ಭಾರ ಕರಗಿ ಕಿಂಡಿಗಳು ಮೇಲೇರುತ್ತವೆ, ಆದರೆ ಈಗ ಮೇಲಿನ ಫಿರಂಗಿ ಮತ್ತು ಕೆತ್ತನೆಯ ಭಾರಕ್ಕೆ ಎದುರು ನಿಲ್ಲುವ ತೂಕ ಒಡಲಿನಲ್ಲಿಲ್ಲ. ಹಡಗು ಸಣ್ಣ ಗಾಳಿಗೂ ವಾಲತೊಡಗುತ್ತದೆ. ಖಾಲಿಯಾದ ಪೀಪಾಯಿಗಳಿಗೆ ಸಮುದ್ರದ ನೀರು ತುಂಬಬಹುದು, ಕಲ್ಲಿನ ತಳಭಾರ ಹೆಚ್ಚಿಸಬಹುದು. ಎರಡನೆಯದನ್ನು ಮಾಡಿದರೆ ಮತ್ತೆ ಆಳಕ್ಕೆ ಇಳಿಯುತ್ತದೆ. ಮೇಲಿನ ಒಂದು ಟನ್ ತೆಗೆಯುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ. ದೊರೆ ಇರುವವರೆಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

1651: ಕೊಡಲಿ ಬಿದ್ದದ್ದು

ಅಂತರ್ಯುದ್ಧದಲ್ಲಿ ನೌಕಾಪಡೆ ಸಂಸತ್ತಿನ ಕಡೆ ಹೋಯಿತು. 1649ರಲ್ಲಿ ಚಾರ್ಲ್ಸ್‌ನ ತಲೆ ಉರುಳಿತು. ಹಡಗು ಗಣರಾಜ್ಯದ ಸ್ವತ್ತಾಗಿ, ಬರೀ 'ಸಾವರಿನ್' ಎನಿಸಿಕೊಂಡು ಮೆಡ್‌ವೇ ನದಿಯ ಚಾತಮ್ ಹಡಗುಕಟ್ಟೆಯಲ್ಲಿತ್ತು. ಹೊಸ ಆಡಳಿತಕ್ಕೆ ಎಡ್ಗರನ ಹಂಗಿರಲಿಲ್ಲ. 1651ರಲ್ಲಿ ಹಡಗು ಕಟ್ಟುವ ಮೇಸ್ತ್ರಿಗಳು ಕೊಟ್ಟ ಶಿಫಾರಸು ನೇರವಾಗಿತ್ತು: ನಡುಭಾಗದಲ್ಲಿ ಮೇಲೆ ಹೊದಿಸಿದ್ದ ಮರದ ಜಾಲರಿ ಮತ್ತು ಮೇಲಿನ ಡೆಕ್ ಕಿತ್ತುಹಾಕುವುದು, ಅಲ್ಲಿನ ಪಕ್ಕಗೋಡೆಯನ್ನು ಫಿರಂಗಿ ಕಿಂಡಿಗಳ ಮೇಲಂಚಿನವರೆಗೆ ಇಳಿಸುವುದು, ಮೇಲಿನ ರಾಜಕೋಣೆ ತೆಗೆಯುವುದು, ಮುಂಬದಿಯ ಮಾಳಿಗೆಯನ್ನು 6 ಅಡಿ ಎತ್ತರಕ್ಕೆ ತರುವುದು, ಹಿಂಬದಿಯನ್ನು ಅದೇ ಪ್ರಮಾಣದಲ್ಲಿ ತಗ್ಗಿಸುವುದು, ಅರ್ಧ ಡೆಕ್ಕನ್ನೂ ಮೂತಿಯನ್ನೂ ಮೊಟಕುಗೊಳಿಸುವುದು.

ಇದರಲ್ಲಿ ನೀರಿನೊಳಗಿನ ಭಾಗ ಮುಟ್ಟುವ ಒಂದು ಸಾಲೂ ಇಲ್ಲವೆಂಬುದನ್ನು ಗಮನಿಸಬೇಕು. ಪೆಟ್ ಕಟ್ಟಿದ ಒಡಲು ಚೆನ್ನಾಗಿಯೇ ಇತ್ತು. ಕೆಟ್ಟದ್ದು ಅದರ ಮೇಲೆ ಹೇರಿದ್ದು. ಎತ್ತರದ ಗೋಡೆಗಳು ಎರಡು ರೀತಿಯಲ್ಲಿ ಕಾಟ ಕೊಡುತ್ತವೆ: ಅವುಗಳ ತೂಕ ಹಡಗನ್ನು ವಾಲಿಸುತ್ತದೆ, ಅವುಗಳ ಮೈ ಗಾಳಿ ಹಿಡಿದು ಹಡಗನ್ನು ಪಕ್ಕಕ್ಕೆ ಸರಿಸುತ್ತದೆ. ತಗ್ಗಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಹಡಗು ಮೂರಂತಸ್ತಿನದಾಗಿಯೇ ಉಳಿದು ಸುಮಾರು 100 ಫಿರಂಗಿಗಳ ನೌಕೆಯಾಯಿತು.

ಕೆಂಟಿಶ್ ನಾಕ್

ಮೊದಲ ಯುದ್ಧ ಬಂದದ್ದು ನೀರಿಗಿಳಿದ 15 ವರ್ಷಗಳ ಮೇಲೆ. 1652ರ ಸೆಪ್ಟೆಂಬರ್ 28ರಂದು ಥೇಮ್ಸ್ ಅಳಿವೆಯ ಹೊರಗೆ, ಕೆಂಟಿಶ್ ನಾಕ್ ಎಂಬ ಉದ್ದನೆಯ ಮರಳುದಿಣ್ಣೆಯ ಬಳಿ ರಾಬರ್ಟ್ ಬ್ಲೇಕ್‌ನ ಇಂಗ್ಲಿಷ್ ಪಡೆಯೂ ವಿಟ್ಟೆ ಡಿ ವಿತ್‌ನ ಡಚ್ ಪಡೆಯೂ ಎದುರಾದವು. ಸಾವರಿನ್‌ನ ಕಪ್ತಾನ ನಿಕೊಲಸ್ ರೀಡ್. ಬ್ಲೇಕ್ ಮುನ್ನುಗ್ಗಿದಾಗ ಅವನ ಹಿಂದೆ ಬರುತ್ತಿದ್ದ ವಿಲಿಯಂ ಪೆನ್‌ನ ಜೇಮ್ಸ್ ಹಡಗೂ ಸಾವರಿನ್ನೂ ದಿಣ್ಣೆಯ ಮೇಲೆ ತಳ ಒರೆಸಿದವು. ಟ್ರಿನಿಟಿ ಹೌಸ್‌ನ ಮೊದಲ ತಕರಾರು ಮೊದಲ ಕಾಳಗದ ಮೊದಲ ಘಟ್ಟದಲ್ಲೇ ಎದುರಿಗೆ ಬಂದು ನಿಂತಿತು.

ಆಮೇಲೆ ನಡೆದದ್ದು ಅದೃಷ್ಟ. ಡಿ ವಿತ್ ಅಷ್ಟರಲ್ಲಿ ಹಾಯಿ ಮಗುಚಿ ದಿಕ್ಕು ಬದಲಿಸಿದ್ದ. ಸಿಕ್ಕಿಬಿದ್ದವೆರಡೂ ಕಳಚಿಕೊಂಡು ತಿರುಗುವ ಹೊತ್ತಿಗೆ ಡಚ್ ಸಾಲು ಅವುಗಳ ಮುಂದೆಯೇ ಹಾದುಬರುತ್ತಿತ್ತು. ಸಾವರಿನ್ ಗುಂಪಿನ ನಡುವೆ ನುಗ್ಗಿ ಸುತ್ತಲೂ ಹಾರಿಸಿತು. ಸುಮಾರು ಇಪ್ಪತ್ತು ಡಚ್ ಹಡಗುಗಳು ಅದನ್ನು ಮುತ್ತಿದ್ದವೆನ್ನುತ್ತಾರೆ. 'ಎರಡು ಚಿಕ್ಕ ಹಡಗು ಸಾಕು' ಎಂಬ ನಾಲ್ಕನೆಯ ತಕರಾರು ಬಿದ್ದುಹೋದದ್ದು ಇಲ್ಲಿ. ಡಚ್ ಹಡಗುಗಳಲ್ಲಿ ಬಹುಪಾಲು ಹಗುರ ಫಿರಂಗಿಯವು, ತಗ್ಗು ಗೋಡೆಯವು. ಹತ್ತಿರ ಬಂದರೆ ಸಾವರಿನ್‌ನ ಭಾರಿ ಗುಂಡುಗಳಿಗೆ ಅವುಗಳ ಪಕ್ಕೆ ತಡೆಯಲಿಲ್ಲ; ಏರಿ ವಶಪಡಿಸಿಕೊಳ್ಳಲು ನೋಡಿದರೆ ಮೇಲಿನ ಡೆಕ್ ಕೈಗೆಟುಕುವಂತಿರಲಿಲ್ಲ. ಒಂದೇ ಮೈಯಲ್ಲಿ ಒಟ್ಟುಗೂಡಿದ ಬೆಂಕಿಯ ಬಲ ಎರಡು ಮೈಗಳಲ್ಲಿ ಹಂಚಿಹೋದ ಅಷ್ಟೇ ಬಲಕ್ಕೆ ಸಮವಲ್ಲ ಎಂಬುದನ್ನು 1634ರ ನಾವಿಕರು ಊಹಿಸಿರಲಿಲ್ಲ. ಊಹಿಸಲು ಅವರ ಮುಂದೆ ಉದಾಹರಣೆಯೂ ಇರಲಿಲ್ಲ.

ಎರಡು ದಶಕ ಡಚ್ಚರೊಡನೆ

1660ರಲ್ಲಿ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಚಾತಮ್‌ನಲ್ಲಿ ಹಡಗನ್ನು ಮತ್ತೆ ಕಟ್ಟಿ 'ರಾಯಲ್ ಸಾವರಿನ್' ಎಂದು ಹೆಸರಿಟ್ಟರು. ಈ ಸಲ ಅಗಲ 47 ಅಡಿ 10 ಇಂಚಿಗೆ ಏರಿತು. 16 ಇಂಚು ಸಣ್ಣದೆನಿಸಬಹುದು. ಆದರೆ ವಾಲದೆ ನಿಲ್ಲುವ ಶಕ್ತಿ ಅಗಲದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ ನೀರುಮಟ್ಟದ ಆಕಾರದಿಂದ ಬರುವ ಆಸರೆ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಮೇಲೆ ಕಡಿದದ್ದು, ಪಕ್ಕದಲ್ಲಿ ಬೆಳೆಸಿದ್ದು, ಎರಡೂ ಒಂದೇ ರೋಗಕ್ಕೆ ಮದ್ದು.

1667ರ ಜೂನ್‌ನಲ್ಲಿ ಡಚ್ಚರು ಮೆಡ್‌ವೇ ನದಿಗೆ ನುಗ್ಗಿ ಚಾತಮ್‌ನ ಬುಡಕ್ಕೇ ಬಂದರು. ರಾಯಲ್ ಜೇಮ್ಸ್, ರಾಯಲ್ ಓಕ್, ಲಾಯಲ್ ಲಂಡನ್ ಸುಟ್ಟವು. ರಾಯಲ್ ಚಾರ್ಲ್ಸ್‌ನ್ನು ಎಳೆದುಕೊಂಡೇ ಹೋದರು. ರಾಯಲ್ ಸಾವರಿನ್ ಆಗ ಪೋರ್ಟ್ಸ್‌ಮತ್‌ನಲ್ಲಿತ್ತು, ಉಳಿಯಿತು. ಪೋರ್ಟ್ಸ್‌ಮತ್ ಇರುವುದು ಐಲ್ ಆಫ್ ವೈಟ್‌ನ ಎದುರಿಗೆ. 'ಅದಕ್ಕೆ ಇರುವ ಒಂದೇ ಆಸರೆ' ಎಂದು ಟ್ರಿನಿಟಿ ಹೌಸ್‌ನವರು ತೋರಿಸಿದ್ದ ನೀರು ಅದೇ.

1673ರ ಬೇಸಿಗೆ ಈ ಪ್ರಕರಣದ ಅತಿ ಮುಖ್ಯ ಸಾಕ್ಷ್ಯ. ರಾಜಕುಮಾರ ರೂಪರ್ಟ್ ಹೊಚ್ಚ ಹೊಸ ರಾಯಲ್ ಚಾರ್ಲ್ಸ್ ಹಡಗಿನಿಂದ ಪಡೆ ನಡೆಸುತ್ತಿದ್ದ. ಅದು ಎಷ್ಟು ವಾಲುತ್ತಿತ್ತೆಂದರೆ ಕಿಂಡಿಗಳಿಂದ ನೀರು ನುಗ್ಗಿ ಕೆಳಸಾಲಿನ ಫಿರಂಗಿ ಬಳಸಲಾಗುತ್ತಿರಲಿಲ್ಲವೆಂದು ಅವನೇ ದೂರಿದ. ಆ ಬೇಸಿಗೆಯಲ್ಲೇ ತನ್ನ ಬಾವುಟವನ್ನು 36 ವರ್ಷ ಹಳೆಯ ರಾಯಲ್ ಸಾವರಿನ್‌ಗೆ ಬದಲಿಸಿದ. ಆಗಸ್ಟ್ 11ರ ಟೆಕ್ಸೆಲ್ ಕಾಳಗದಲ್ಲಿ ಅದೇ ಅವನ ಮುಖ್ಯ ನೌಕೆ. ಮೂರನೆಯ ತಕರಾರು ನಿಜವೇ ಎಂದು ಹೊಸ ಹಡಗು ತೋರಿಸಿತು, ಅದಕ್ಕೆ ಪರಿಹಾರವಿದೆ ಎಂದು ಹಳೆಯದು ತೋರಿಸಿತು. ಡಚ್ ಅಡ್ಮಿರಲ್ ಡಿ ರಾಯ್ಟರ್ ಮಾತ್ರ ನೀರಿನ ಆಳವನ್ನೇ ಕೋಟೆ ಮಾಡಿಕೊಂಡಿದ್ದ. ಡಚ್ ಹಡಗುಗಳು ತಮ್ಮ ಆಳವಿಲ್ಲದ ಬಂದರುಗಳಿಗಾಗಿ ಚಪ್ಪಟೆ ತಳದಲ್ಲಿ ಕಟ್ಟಿದವು; ಡಚ್ ಕರಾವಳಿಯ ಸ್ಕೂನೆವೆಲ್ಟ್‌ನ ಮರಳುದಿಣ್ಣೆಗಳ ಹಿಂದೆ ಅವು ಸರಿದರೆ 20 ಅಡಿಗೂ ಆಳಕ್ಕೆ ಕೂರುವ ಇಂಗ್ಲಿಷ್ ಹಡಗುಗಳು ಹಿಂಬಾಲಿಸುವಂತಿರಲಿಲ್ಲ.

ಲಂಗರು ಹಿಡಿದ ದಿನ, ಬಾವುಟ ಇಳಿಸಿದ ದಿನ

1685ರಲ್ಲಿ ಚಾತಮ್‌ನಲ್ಲಿ ಇನ್ನೊಮ್ಮೆ ಪುನರ್ನಿರ್ಮಾಣ. ಹೊಸ ಸೂತ್ರದಲ್ಲಿ 1,683 ಟನ್. ಐದು ವರ್ಷಗಳ ಮೇಲೆ, 1690ರ ಜೂನ್ 30ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೀಚಿ ಹೆಡ್ ಎದುರು ಫ್ರೆಂಚ್ ಪಡೆ ಎದುರಾದಾಗ ಅಡ್ಮಿರಲ್ ಟೋರಿಂಗ್‌ಟನ್ ಇದ್ದದ್ದು ಇದೇ ಹಡಗಿನಲ್ಲಿ. ಸಂಖ್ಯೆಯಲ್ಲಿ ಕಡಿಮೆಯಿದ್ದ ಇಂಗ್ಲಿಷ್-ಡಚ್ ಕೂಟ ಸೋಲುತ್ತಿತ್ತು. ಮಧ್ಯಾಹ್ನದ ಮೇಲೆ ಗಾಳಿ ಬಿದ್ದಿತು, ಇಳಿತ ಶುರುವಾಗುವುದಿತ್ತು. ಹಾಯಿಗಳನ್ನು ಬಿಚ್ಚಿದಂತೆಯೇ ಇಟ್ಟು, ಒಮ್ಮೆಲೇ ಲಂಗರು ಇಳಿಸಲು ಟೋರಿಂಗ್‌ಟನ್ ಆಜ್ಞೆ ಕೊಟ್ಟ. ಎದುರಾಳಿಗೆ ಸುಳಿವು ಸಿಗುವಷ್ಟರಲ್ಲಿ ಇಳಿತದ ಸೆಳೆತ ಫ್ರೆಂಚ್ ಹಡಗುಗಳನ್ನು ಪಶ್ಚಿಮಕ್ಕೆ ಫಿರಂಗಿಯ ಅಳವಿನಾಚೆ ಒಯ್ದಿತ್ತು. ಸೋತ ಪಡೆ ಸರ್ವನಾಶದಿಂದ ಪಾರಾಯಿತು.

ಮೊದಲ ದಿನಗಳ ವರ್ಣನೆಯಲ್ಲಿ ಈ ಹಡಗಿಗೆ 11 ಲಂಗರು, ಅದರಲ್ಲಿ ಒಂದು 4,400 ಪೌಂಡ್, ಅಂದರೆ ಹತ್ತಿರ ಹತ್ತಿರ 2 ಟನ್. ಅದನ್ನು ಹಿಡಿಯುವ ಸೆಣಬಿನ ಹಗ್ಗ ಬಳುಕಿಸಿ ಸುತ್ತಲಾಗದಷ್ಟು ದಪ್ಪ, ನೆನೆದರೆ ಇನ್ನೂ ಭಾರ. ಮೇಲೆತ್ತಬೇಕಾದರೆ ತಿರುಗುಕಂಬಕ್ಕೆ ಹತ್ತಾರು ಜನ ಒಟ್ಟಿಗೆ ಮೈ ಕೊಡಬೇಕು. ಲಂಗರು ನಿಲ್ಲದೆಂಬ ಭಯ ಆಧಾರವಿಲ್ಲದ್ದಾಗಿರಲಿಲ್ಲ. ಅದಕ್ಕಾಗಿಯೇ ಇಂಥ ದೊಡ್ಡ ಹಡಗುಗಳನ್ನು ಬೇಸಿಗೆಗೆ ಮಾತ್ರ ಹೊರತೆಗೆದು, ಶರತ್ಕಾಲದ ಬಿರುಗಾಳಿ ಬರುವ ಮೊದಲೇ ಒಳತರುವ ರೂಢಿ ಬೆಳೆಯಿತು. ತಕರಾರಿಗೆ ಉತ್ತರ ಸಿಕ್ಕಿದ್ದು ಉಕ್ಕಿನಲ್ಲಲ್ಲ, ಕ್ಯಾಲೆಂಡರಿನಲ್ಲಿ.

1692ರ ಮೇ 19ರ ಬಾರ್ಫ್ಲರ್ ಕಾಳಗದಲ್ಲಿ ರಾಯಲ್ ಸಾವರಿನ್ ಮೇಲೆ ಬಾವುಟ ಹಾರಿಸಿದವನು ವೈಸ್ ಅಡ್ಮಿರಲ್ ಸರ್ ರಾಲ್ಫ್ ಡೆಲಾವಲ್. ಸೋತ ಫ್ರೆಂಚರನ್ನು ಅವನು ಫ್ರಾನ್ಸಿನ ಶೇರ್ಬುರ್ ತನಕ ಅಟ್ಟಿಸಿಕೊಂಡು ಹೋದ. ಫ್ರೆಂಚ್ ಅಡ್ಮಿರಲ್ ಟೂರ್ವಿಲ್‌ನ ಮುಖ್ಯ ನೌಕೆಯಾಗಿದ್ದ ಸೊಲೇಲ್ ರಾಯಲ್ ಮತ್ತೆರಡು ದೊಡ್ಡ ಹಡಗುಗಳೊಂದಿಗೆ ದಡಕ್ಕೇರಿ ಕೂತಿತ್ತು. ಅಲ್ಲಿಗೆ ಹೋಗಲು ಡೆಲಾವಲ್ ತನ್ನ ಬಾವುಟವನ್ನು ಸೇಂಟ್ ಆಲ್ಬನ್ಸ್ ಎಂಬ ಚಿಕ್ಕ ಹಡಗಿಗೆ ಸಾಗಿಸಬೇಕಾಯಿತು, ಅದು ಕಡಿಮೆ ನೀರಿನಲ್ಲಿ ತೇಲುತ್ತಿತ್ತೆಂಬ ಕಾರಣಕ್ಕೆ. ಮೂರೂ ಫ್ರೆಂಚ್ ಹಡಗುಗಳು ಸುಟ್ಟವು, ರಾಯಲ್ ಸಾವರಿನ್ ಹೊರಗೇ ನಿಂತಿತ್ತು. 1634ರ ನಾಲ್ಕು ತಕರಾರುಗಳಲ್ಲಿ ಕೊನೆಯವರೆಗೂ ಪರಿಹಾರ ಕಾಣದೆ ಉಳಿದದ್ದು ಇದೊಂದೇ.

ಬೆಂಕಿ

ಋತು ಮುಗಿದ ಮೇಲೆ ಹಡಗನ್ನು ಚಾತಮ್‌ನಲ್ಲಿ ಕಟ್ಟಿಹಾಕುವ ಕ್ರಮ ಹೀಗಿತ್ತು: ಫಿರಂಗಿ, ಮದ್ದು, ಹಾಯಿ, ಹಗ್ಗ ಎಲ್ಲ ದಡಕ್ಕೆ; ಎಂಟುನೂರು ಜನರಿಗೆ ಸಂಬಳ ಕೊಟ್ಟು ಬಿಡುಗಡೆ; ಹಡಗಿನಲ್ಲಿ ಉಳಿಯುವವರು ಬೋಸನ್ (ಹಗ್ಗ-ಹಾಯಿಗಳ ಮೇಲ್ವಿಚಾರಕ), ಬಡಗಿ, ಫಿರಂಗಿಯವ, ಅಡುಗೆಯವ ಮುಂತಾದ ಕೆಲವೇ ಕಾಯಂ ಸಿಬ್ಬಂದಿ. ಖರ್ಚಿನ ದೃಷ್ಟಿಯಿಂದ ಸರಿಯಾದ ಏರ್ಪಾಡು. ಆದರೆ ಟಾರ್ ಕುಡಿದ ಓಕ್ ಹಲಗೆಯ ಮೂರಂತಸ್ತಿನೊಳಗೆ ಮೇಣದಬತ್ತಿಯೇ ಬೆಳಕು, ರಾತ್ರಿ ಕಾವಲಿಗೆ ಬೆರಳೆಣಿಕೆಯ ಜನ. ಸಮುದ್ರದಲ್ಲಿದ್ದಾಗ ಕಿಡಿ ಹಾರಿದರೆ ಬಕೆಟ್ ಹಿಡಿಯಲು ನೂರಾರು ಕೈಗಳಿರುತ್ತವೆ. ಇಲ್ಲಿ ಅವಿಲ್ಲ.

1696ರ ಜನವರಿ ಕೊನೆಯ ವಾರದಲ್ಲಿ, ಇನ್ನೊಂದು ಪುನರ್ನಿರ್ಮಾಣಕ್ಕೆ ಕಾಯುತ್ತ ನಿಂತಿದ್ದಾಗ, ಆರಿಸದೆ ಬಿಟ್ಟ ಒಂದು ಮೇಣದಬತ್ತಿಯಿಂದ ಹೊತ್ತಿಕೊಂಡ ಬೆಂಕಿ ಹಡಗನ್ನು ನೀರುಮಟ್ಟದವರೆಗೆ ಸುಟ್ಟಿತು.

ಉಳಿದ ಮರದಲ್ಲಿ ಕೆಲವನ್ನು ಅದೇ ವೂಲಿಚ್‌ನಲ್ಲಿ ಕಟ್ಟಿದ ಹೊಸ ರಾಯಲ್ ಸಾವರಿನ್‌ಗೆ ಬಳಸಿದರು. ಅದು 1701ರಲ್ಲಿ ನೀರಿಗಿಳಿಯಿತು: ಮೂರಂತಸ್ತು, 100 ಫಿರಂಗಿ, ಅಗಲ 50 ಅಡಿ.